ಟೈಪಿಂಗ್ ಟೀಚರ್ ಮನೆಯ ಒಂದೇ ಕಂಪ್ಯೂಟರ್

ಟೇಬಲ್ ಫ್ಯಾನು ಕಿರುಗುಟ್ಟುತ್ತದೆಂದು ನಮ್ಮತ್ತೆ ಅದರ ಹಿಂಬದಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಮಧ್ಯಾಹ್ನ ಫ್ಯಾನು ಬಿಸಿಯಾಗುತ್ತಿದ್ದಂತೆ ಎಣ್ಣೆಯೂ ಹಳೇ ಧೂಳೂ ಸೇರಿ ಕಮಟು ವಾಸನೆ ಎದ್ದಿತು. ಕೈಲಿದ್ದ ಕೆಲಸ ಬಿಟ್ಟು ಸುಮ್ಮನೆ ಕೂತೆ. ತಿಪಟೂರಿನ ನಮ್ಮ ಟೈಪಿಂಗ್ ಟೀಚರ್ ಕಂಪ್ಯೂಟರಿನ ಫ್ಯಾನಿಗೂ ಇದೇ ಎಣ್ಣೆ ಬಿಡುತ್ತಿದ್ದರು. ಬೇಡ ಟೀಚರ್ ಎಂದು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. "ಊರಿಗೆಲ್ಲ ಆಗೋ ಎಣ್ಣೆ ಇದೊಂದಕ್ಕೆ ಆಗಲ್ವಾ?" ಅನ್ನುತ್ತಿದ್ದರು.

ಮಾರ್ಕೆಟ್ ಯಾರ್ಡಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಮುಂದಿನ ಹಾಲಿನಲ್ಲಿ ಟೈಪ್‌ರೈಟರುಗಳು, ಜೊತೆಗೆ ಒಂದೇ ಒಂದು ಕಂಪ್ಯೂಟರ್. ಒಳಗೆ ಸಂಸಾರ. ಬಿಳಿಗೆರೆ, ಹಾಲ್ಕುರಿಕೆ, ಕಿಬ್ಬನಹಳ್ಳಿ ಕಡೆಯ ಹೆಣ್ಣುಮಕ್ಕಳು ಬಸ್ಸಿಳಿದು ನೇರ ಅಲ್ಲಿಗೆ ಹೋಗುತ್ತಿದ್ದೆವು. ನಾನು ಬಿಳಿಗೆರೆಯವಳು. ಟೀಚರ್ ಕೈಲಿ ಟೈಪಿಂಗ್ ಕಲಿತು, ಆಮೇಲೆ ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿಯ ಕೋರ್ಸು ಮಾಡಿ, ತಿಪಟೂರಿನಲ್ಲೇ ಒಂದು ಅಂಗಡಿಗೆ ಸೇರಿಕೊಂಡಿದ್ದೆ.

ಟೀಚರ್ ಯಜಮಾನರು ಕೊಬ್ಬರಿ ಮಂಡಿಯೊಂದರ ಗೋದಾಮು ನೋಡಿಕೊಳ್ಳುತ್ತಿದ್ದವರು. ಲಾರಿಯಿಂದ ಇಳಿಯುವ ಚೀಲಗಳನ್ನು ಎಲ್ಲಿ, ಹೇಗೆ ಜೋಡಿಸಬೇಕೆಂದು ನಿಂತಲ್ಲೇ ಹೇಳುತ್ತಿದ್ದರಂತೆ. ಒಂದು ಬೆಳಿಗ್ಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಮಕ್ಕಳಿರಲಿಲ್ಲ. ಎಡಗೈಗಾದರೂ ಏನಾದರೂ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದರು. ಸಂಜೆ ಟೈಪಿಂಗಿನ ಹುಡುಗಿಯರೆಲ್ಲ ಹೋದ ಮೇಲೆ ಟೀಚರ್ ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸುತ್ತಿದ್ದರು. ಅದರಲ್ಲೊಂದು ಹಳೇ ಆಟವಿತ್ತು. ಮೇಲಿನಿಂದ ಇಟ್ಟಿಗೆಗಳು ಒಂದೊಂದಾಗಿ ಬೀಳುತ್ತವೆ, ಅವನ್ನು ಸಂದಿಲ್ಲದಂತೆ ಜೋಡಿಸಬೇಕು. ಅವರಿಗೆ ಅದು ಇಟ್ಟಿಗೆಯಾಗಿ ಕಾಣುತ್ತಿತ್ತೋ ಚೀಲವಾಗಿ ಕಾಣುತ್ತಿತ್ತೋ... ಎಡಗೈಯ ಎರಡು ಬೆರಳಲ್ಲಿ ದೀಪ ಹಚ್ಚುವ ಹೊತ್ತಿನವರೆಗೂ ಜೋಡಿಸುತ್ತಿದ್ದರು.

ಎರಡು ಸಾವಿರದ ಒಂದೋ ಎರಡೋ ಇಸವಿ ಇರಬೇಕು. ಬಸ್‌ಸ್ಟ್ಯಾಂಡ್ ಹತ್ತಿರ ಹೊಸ ಕಂಪ್ಯೂಟರ್ ಸೆಂಟರ್ ಶುರುವಾಯಿತು. ಟೀಚರ್ ಮನೆಯ ಕಂಪ್ಯೂಟರಿನಲ್ಲಿ ಹೊಸ ಕನ್ನಡ ತಂತ್ರಾಂಶ ತೆರೆದುಕೊಳ್ಳುವಷ್ಟರಲ್ಲಿ ಹುಡುಗಿಯರು ಬಸ್ಸಿನ ಟೈಮು ನೋಡಿಕೊಳ್ಳುತ್ತಿದ್ದರು. ಒಬ್ಬೊಬ್ಬರೇ ಅತ್ತ ಹೋಗತೊಡಗಿದರು. ಅವರು ಹೋದರೆ ಆ ಮನೆಗೆ ಬೇರೆ ಆದಾಯವಿರಲಿಲ್ಲ.

ಟೀಚರ್ ಅಂಗಡಿಗೆ ಬಂದರು. ನಮ್ಮ ಓನರ್ ಹೊಸದೇ ತಗೊಳ್ಳಿ ಎಂದರು. ಅವರು ತಲೆಯಾಡಿಸಿ ನನ್ನ ಕಡೆ ತಿರುಗಿದರು.

"ಹೊಸದು ತಂದ್ರೆ ನಮ್ಮೆಜಮಾನ್ರಿಗೆ ಗೊತ್ತಾಗಲ್ಲ ಕಣಮ್ಮ. ಸ್ವಿಚ್ಚು ಎಲ್ಲಿ, ಆಟ ಎಲ್ಲಿ ಅಂತ ಅವರು ಕಲಿಯೋಕೆ ಒಂದು ವರ್ಷ ಹಿಡೀತು. ಹೊರಗೆ ಹಂಗೇ ಇರ್ಲಿ. ಒಳಗೆ ಏನಾದ್ರೂ ಬದಲಾಯ್ಸೋಕಾಗುತ್ತಾ ನೋಡು."

ಒಳಗೆ ಬದಲಾಯಿಸಬಹುದಾದದ್ದು ಪ್ರೊಸೆಸರ್, ಕಂಪ್ಯೂಟರನ್ನು ಓಡಿಸುವ ಚಿಪ್ಪು. ಆದರೆ ಅದು ಕೂರುವ ಆ ಹಳೇ ಬೋರ್ಡಿಗೆ ಹೊಂದುವಂಥವು ಆಗಲೇ ಬರುವುದು ನಿಂತಿತ್ತು. ಓನರ್ ಬೆಂಗಳೂರಿಗೆ ಹೋದಾಗ ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕಿಸಿದೆವು. ಎರಡು ಸಿಕ್ಕವು. ಒಂದು ತುಂಬಾ ವೇಗದ್ದು, ಆದರೆ ಬೆಂಕಿಯಂತೆ ಕಾಯುತ್ತಿತ್ತು. ಬೋರ್ಡು ತಡೆಯುತ್ತದೆಂಬ ನಂಬಿಕೆಯಿರಲಿಲ್ಲ. ಇನ್ನೊಂದು ಅಷ್ಟು ವೇಗದ್ದಲ್ಲ, ಆದರೂ ಹಳೆಯದಕ್ಕಿಂತ ಮೂರು ಪಟ್ಟು ಜೋರಾಗಿ ಓಡುತ್ತಿತ್ತು. ಟೀಚರ್ ಎರಡನ್ನೂ ಅಂಗೈ ಮೇಲಿಟ್ಟುಕೊಂಡು ನೋಡಿದರು. "ಸಾಯೋವರ್ಗೂ ಓಡೋದು ಯಾವ್ದು?" ಎಂದು ಕೇಳಿದರು. ನಾನು ಎರಡನೆಯದನ್ನು ತೋರಿಸಿದೆ.

ಒಂದು ಭಾನುವಾರ ಹೋಗಿ ಕೂರಿಸಿ ಬಂದೆ. ಸೋಮವಾರ ಹುಡುಗಿಯರಿಗೆ ಹಬ್ಬ. ಬಿಟ್ಟುಹೋದವರಲ್ಲಿ ಇಬ್ಬರು ವಾಪಸ್ಸು ಬರುತ್ತೇವೆಂದು ಹೇಳಿ ಕಳಿಸಿದರಂತೆ.

ಮಂಗಳವಾರ ಅಂಗಡಿ ತೆಗೆಯುವ ಮೊದಲೇ ಟೀಚರ್ ಬಾಗಿಲಲ್ಲಿ ನಿಂತಿದ್ದರು. ಕಣ್ಣು ಊದಿತ್ತು.

"ಹಳೇದನ್ನೇ ಹಾಕ್ಬುಡಮ್ಮ."

ಹಿಂದಿನ ಸಂಜೆ ಯಜಮಾನರು ಎಂದಿನಂತೆ ಆಟಕ್ಕೆ ಕೂತಿದ್ದರು. ಆ ಆಟದ ಓಟವೆಲ್ಲ ಪ್ರೊಸೆಸರಿನ ವೇಗದ ಮೇಲೇ ನಿಂತದ್ದು. ಅಂಥ ಆಟಗಳೂ ಇರುತ್ತವೆಂದು ಆವರೆಗೆ ನನಗೆ ಗೊತ್ತಿರಲಿಲ್ಲ. ಇಟ್ಟಿಗೆಗಳು ದಬದಬ ಸುರಿದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಟ ಮುಗಿಯುತ್ತಿತ್ತಂತೆ. ಅವರು ನಾಲ್ಕಾರು ಸಲ ಆಡಿ ನೋಡಿದರು. ಆಮೇಲೆ ಪರದೆ ನೋಡುವುದನ್ನು ಬಿಟ್ಟು ಎಡಗೈಯನ್ನು ಮಡಿಲಿನಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತರಂತೆ.

"ಆ ಕೈನೂ ಹೋಯ್ತು ಅಂದ್ಕೊಂಡವ್ರೆ ಕಣಮ್ಮ. ಕೈಯಲ್ಲ ರೀ, ಮಿಷಿನ್ನು ಅಂತ ಕೂಗಿ ಕೂಗಿ ಹೇಳ್ದೆ. ಒಪ್ಪಲಿಲ್ಲ. ರಾತ್ರಿ ಊಟ ಮುಟ್ಟಲಿಲ್ಲ."

ಹಳೆಯದನ್ನೇ ಹಾಕುವುದು ದೊಡ್ಡ ಕೆಲಸವಾಗಿರಲಿಲ್ಲ. ಆದರೆ ಹುಡುಗಿಯರು? ನಾನು ಯೋಚಿಸಿ ಇನ್ನೊಂದು ದಾರಿ ಹೇಳಿದೆ. ಆ ಕಾಲದ ಬೋರ್ಡುಗಳ ಮೇಲೆ ಸೂಜಿಮೊನೆಯಂಥ ಪಿನ್ನುಗಳಿರುತ್ತಿದ್ದವು. ಅವುಗಳಿಗೆ ಅಕ್ಕಿಕಾಳಿನಷ್ಟು ಸಣ್ಣ ಕರಿ ಟೋಪಿ ತೊಡಿಸಿರುತ್ತಿದ್ದರು, ಜಂಪರ್ ಅನ್ನುತ್ತಿದ್ದೆವು. ಅದನ್ನು ಕಿತ್ತು ಪಕ್ಕದ ಜೋಡಿಯ ಮೇಲೆ ಕೂರಿಸಿದರೆ ಪ್ರೊಸೆಸರ್ ನಿಧಾನವಾಗುತ್ತದೆ. ಮತ್ತೆ ಮೊದಲಿನ ಜಾಗಕ್ಕೆ ಹಾಕಿದರೆ ವೇಗ.

"ಸಂಜೆ ಒಂದ್ಸಲ, ಬೆಳಿಗ್ಗೆ ಒಂದ್ಸಲ ಬದಲಾಯಿಸಬೇಕಾಗುತ್ತೆ ಟೀಚರ್."

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ದಿನಾ ನೀನೆಲ್ಲಿ ಬತ್ತೀಯ, ಬುಡು. ನಂಗೇ ಹೇಳ್ಕೊಡು."

ಟೈಪ್‌ರೈಟರಿನ ಕೀಲಿಗಳನ್ನು ನೋಡದೆಯೇ ಹೊಡೆಯುತ್ತಿದ್ದ ಆ ಬೆರಳುಗಳು ಮೊದಲ ದಿನ ಕಂಪ್ಯೂಟರಿನ ಒಳಗೆ ಹೋಗದೆ ಅಂಚಿನಲ್ಲೇ ನಿಂತವು. ಕರೆಂಟೆಂದರೆ ಅವರಿಗೆ ವಿಪರೀತ ಭಯ. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಮೀಟರ್ ಬೋರ್ಡಿನ ಮೇನ್ ಕೂಡ ಇಳಿಸಿ ಬಂದರು. ಮುಳ್ಳು ತೆಗೆಯುವ ಚಿಮುಟದಲ್ಲಿ ಜಂಪರನ್ನು ಹಿಡಿದು ಕೀಳುವುದರೊಳಗೆ ಹಣೆಯೆಲ್ಲ ಬೆವರು. ಯಜಮಾನರು ಗೋಡೆಯ ಪಕ್ಕದ ಕುರ್ಚಿಯಿಂದ ನೋಡುತ್ತಿದ್ದರು. ಅವರಿಗಾಗಿ ಆಟವನ್ನು ನಿಧಾನ ಮಾಡುತ್ತಿದ್ದೇವೆಂದು ಹೇಳುವಂತಿರಲಿಲ್ಲ. ಟೀಚರ್ ಅವರತ್ತ ತಿರುಗಿ, "ಧೂಳು ರೀ, ಧೂಳು ಒರೆಸ್ತಿದೀನಿ," ಎಂದರು.

ಆ ಸಂಜೆ ಇಟ್ಟಿಗೆಗಳು ಹಿಂದಿನಂತೆ ನಿಧಾನವಾಗಿ ಇಳಿದವು. ಒಂದು ಸಾಲು ತುಂಬಿತು, ಇನ್ನೊಂದು ತುಂಬಿತು. ಅವರು ಎಡಗೈ ಎತ್ತಿ ಬೆರಳುಗಳನ್ನು ಮಡಿಸಿ ಬಿಚ್ಚಿ ನೋಡಿಕೊಂಡರು. ಟೀಚರ್ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ತುಂಬಾ ಹೊತ್ತು ನೀರು ಬೀಳುವ ಸದ್ದು ಕೇಳುತ್ತಿತ್ತು...

ಅಂದಿನಿಂದ ಅದೇ ಅವರ ದಿನಚರಿ. ಐದಕ್ಕೆ ಹುಡುಗಿಯರು ಹೋಗುತ್ತಲೂ ಒಂದು ಸಲ, ಬೆಳಿಗ್ಗೆ ಅವರು ಬರುವ ಮುಂಚೆ ಇನ್ನೊಂದು ಸಲ. ನೆಂಟರ ಮನೆಯ ಮದುವೆಗೆ ಹೋದರೂ ಐದರ ಹೊತ್ತಿಗೆ ಮನೆ ಸೇರುತ್ತಿದ್ದರು. ವರ್ಷಗಳು ಕಳೆದಂತೆ ಟೀಚರ್ ಇಳಿದುಹೋದರು. ಯಜಮಾನರನ್ನು ಎತ್ತಿ ಕೂರಿಸಿ ಸೊಂಟ ಹಿಡಿದುಕೊಂಡಿತ್ತು. ಕಣ್ಣೂ ಮಂಜಾಗಿತ್ತು. ಆದರೂ ಸಾಕಾಯಿತು ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಲಿಲ್ಲ.

ಒಂದು ಸಂಜೆ ಯಾವುದೋ ಕೆಲಸಕ್ಕೆ ಅವರ ಮನೆಗೆ ಹೋದೆ. ಮೋಡ ಕವಿದು ಹಾಲಿನಲ್ಲಿ ಮಬ್ಬು. ಟೀಚರ್ ನೆಲದ ಮೇಲೆ ಕೂತು ಕಂಪ್ಯೂಟರಿನೊಳಗೆ ಬಗ್ಗಿದ್ದರು. ಪಕ್ಕದ ಕುರ್ಚಿಯಲ್ಲಿ ಯಜಮಾನರು. ಅವರ ಎಡಗೈಯಲ್ಲಿ ಟಾರ್ಚು. ಮುಂದಕ್ಕೆ ಬಾಗಿ, ಬೆಳಕು ಅತ್ತಿತ್ತ ಅಲುಗದಂತೆ ಸರಿಯಾಗಿ ಆ ಪಿನ್ನುಗಳ ಮೇಲೇ ಹಿಡಿದಿದ್ದರು. ಟೀಚರ್ ತಲೆಯೆತ್ತಲಿಲ್ಲ. ಜಂಪರ್ ಕೂತ ಮೇಲೆ, "ಆಯ್ತು ರೀ, ಧೂಳು ಹೋಯ್ತು," ಎಂದರು. ಅವರು ಹೂಂ ಎಂಬಂತೆ ತಲೆಯಾಡಿಸಿ ಟಾರ್ಚು ಆರಿಸಿದರು. ನಾನು ಒಳಗೆ ಹೋಗದೆ ಹಾಗೇ ಮೆಟ್ಟಿಲಿಳಿದು ಬಂದೆ.

ಮುಂದಿನ ಬೇಸಿಗೆಯಲ್ಲಿ ಯಜಮಾನರಿಗೆ ಎರಡನೇ ಸಲ ಲಕ್ವ ಹೊಡೆಯಿತು. ಈ ಸಲ ಅವರು ಉಳಿಯಲಿಲ್ಲ. ಟೀಚರ್ ಹಾಲಿನ ಬಾಗಿಲು ಹಾಕಿ ತುರುವೇಕೆರೆಯ ತಂಗಿಯ ಮನೆಗೆ ಹೋದರು. ಅಷ್ಟರಲ್ಲಿ ನಾನೂ ಮದುವೆಯಾಗಿ ಹಾಸನ ಸೇರಿದ್ದೆ.

ಒಮ್ಮೆ ತುರುವೇಕೆರೆಗೆ ಹೋಗಿ ನೋಡಿಕೊಂಡು ಬಂದೆ. ಜಗಲಿಯ ಮೇಲೆ ಕೂತಿದ್ದರು. ಹೇಗಿದ್ದೀರಿ ಟೀಚರ್ ಎಂದೆ.

"ಈಗ ಸುಸ್ತಾಗ್ತೈತೆ ಕಣೇ," ಎಂದರು. "ಆಗ ಆಗ್ತಿರ್ಲಿಲ್ಲ. ಈಗ ಐದು ಗಂಟೆ ಆಗುತ್ತಲ್ಲ... ಕೈಗೆ ಏನೂ ಕೆಲ್ಸ ಇರಲ್ಲ."

ಹೋದ ವರ್ಷ ಟೀಚರ್ ತೀರಿಕೊಂಡರು. ನನಗೆ ತಿಳಿಯುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಆಮೇಲೆ ತಿಪಟೂರಿಗೆ ಹೋದಾಗ ಆ ಬೀದಿಗೆ ಹೋದೆ. ಮನೆ ಕೆಡವಿ ಎರಡಂತಸ್ತು ಎಬ್ಬಿಸಿದ್ದಾರೆ, ಕೆಳಗೆ ಮೊಬೈಲ್ ಅಂಗಡಿ. ಅಂಗಡಿಯವನು ಏನು ಬೇಕಿತ್ತು ಮೇಡಂ ಎಂದು ಕೇಳಿದ. ಇಲ್ಲಿ ಒಬ್ಬರು ಟೀಚರ್ ಇದ್ದರು ಎಂದೆ. ಅವನು ಪಾಪ, ಮುಂದೇನೋ ಹೇಳುತ್ತೇನೆಂದು ಕಾಯುತ್ತ ನಿಂತ.