ಬ್ರೇಕಣ್ಣನ ವ್ಯಾನಿಗೆ ಹೊಸ ಫಿಲ್ಟರ್

ಲಾಂಡ್ರಿ ಅಕ್ಕನ ಗಂಡನನ್ನು ಬೀದಿಯವರೆಲ್ಲ ಬ್ರೇಕಣ್ಣ ಎಂದೇ ಕರೆಯುತ್ತಿದ್ದರು. ಅವನ ವ್ಯಾನಿಗೆ ಎಕ್ಸಲರೇಟರ್ ಇದೆಯೋ ಇಲ್ಲವೋ ಗೊತ್ತಿಲ್ಲ, ಬ್ರೇಕಂತೂ ಗಟ್ಟಿಯಾಗಿದೆ ಎಂದು ನಗುತ್ತಿದ್ದರು. ಸೈಕಲ್ಲಿನವರು ಹಿಂದೆ ಹಾಕಿ ಹೋದರೂ ಅವನಿಗೆ ಬೇಸರವಿರಲಿಲ್ಲ. "ಬಟ್ಟೆಗೇನು ಅವಸರ? ಒಗೆದದ್ದು ಒಗೆದೇ ಇರುತ್ತೆ" ಎನ್ನುತ್ತಿದ್ದ.

ಗುಡ್ಡದ ಮೇಲಿನ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನೆಲ್ಲ ಗಂಡ ಹೆಂಡತಿ ಇಬ್ಬರೇ ಒಗೆದು, ಇಸ್ತ್ರಿ ಮಾಡಿ ತಲುಪಿಸುತ್ತಿದ್ದರು. ಮನೆಯ ಹಿಂದೆ ತಗಡಿನ ಶೆಡ್ಡು. ಅದರಲ್ಲಿ ಗುಡುಗುಡು ಎನ್ನುವ ದೊಡ್ಡ ಮಷಿನ್ನು, ಇಸ್ತ್ರಿಯ ಉದ್ದನೆ ಮೇಜು. ಶೆಡ್ಡು ಅವಳದು, ರಸ್ತೆ ಅವನದು. ಹಳೆಯ ಡೀಸೆಲ್ ವ್ಯಾನಿನ ಒಂದೊಂದು ನಟ್ಟೂ ಅವನ ಬೆರಳಿಗೆ ಗೊತ್ತು. ಅವಳು ಒಮ್ಮೆಯಾದರೂ ಬಾನೆಟ್ ಎತ್ತಿದವಳಲ್ಲ.

ಒಂದು ಬೆಳಿಗ್ಗೆ ಬಟ್ಟೆಯ ಗಂಟು ಕಟ್ಟುತ್ತಿದ್ದವನು ಗಂಟಿನ ಪಕ್ಕಕ್ಕೇ ಕುಸಿದ. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತೂ ಹೋಯಿತು, ಅದು ಹೇಗೋ ಒಂದೇ ಒಂದು ಪದ ಉಳಿಯಿತು: ನಾಳೆ. ನೀರು ಬೇಕಾದರೂ ನಾಳೆ, ಸೆಖೆಯಾದರೂ ನಾಳೆ, ಸಿಟ್ಟು ಬಂದರೂ ನಾಳೆ. "ಅವರಿಗೆ ಎಲ್ಲಾ ಅರ್ಥ ಆಗುತ್ತಮ್ಮ. ತಲೇಲಿರೋದು ಬಾಯಿಗೆ ಬರಲ್ಲ, ಅಷ್ಟೇ" ಎಂದರು ಡಾಕ್ಟರು.

"ಹೋಗ್ಲಿ ಬಿಡಿ. ಮನೆಕೆಲಸ ಹೇಳಿದಾಗೆಲ್ಲ ಮೊದ್ಲಿಂದಲೂ ಇದೇ ಮಾತು ತಾನೇ ನಿಮ್ದು?" ಎಂದು ಅಕ್ಕ ತಮಾಷೆ ಮಾಡಿದಾಗ ಅವನು ಅರ್ಧ ಮುಖದಲ್ಲಿ ನಕ್ಕಿದ್ದ. ಅವಳು ಶೆಡ್ಡಿಗೆ ಹೋಗಿ ಮಷಿನ್ನು ಹಾಕಿ, ಆ ಸದ್ದಿನಲ್ಲಿ ಅತ್ತಳು.

ಮದುವೆಯಾದ ಹೊಸದರಲ್ಲಿ ಅವನೇ ಅವಳಿಗೆ ವ್ಯಾನು ಓಡಿಸಲು ಕಲಿಸಿದ್ದ. ಈಗ ರಸ್ತೆಯೂ ಅವಳ ಪಾಲಿಗೆ ಬಂತು. ಕೆಲವು ವಾರ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ವ್ಯಾನು ಗುಡ್ಡ ಹತ್ತುವಾಗ ಏದುಸಿರು ಬಿಡತೊಡಗಿತು. ಹಿಂದಿನಿಂದ ಕಪ್ಪು ಹೊಗೆ. ಹೊಸದಾಗಿ ಒಗೆದ ಬಟ್ಟೆಗೆ ಮಸಿ ಹಿಡಿಯುತ್ತದೆಂದು ಅವಳಿಗೆ ಜೀವ ಹಿಂಡಿದಂತಾಗುತ್ತಿತ್ತು.

ತಿರುವಿನಲ್ಲಿದ್ದ ಗ್ಯಾರೇಜಿನ ಮೇಸ್ತ್ರಿ ಒಂದು ಲಾರಿಯ ಕೆಳಗೆ ಮಲಗಿದ್ದ. ಅಲ್ಲಿಂದಲೇ ಎಂಜಿನ್ ಸದ್ದಿಗೆ ಕಿವಿಗೊಟ್ಟು, "ಏರ್ ಫಿಲ್ಟರ್ ಧೂಳಿಗೆ ಕಟ್ಟಿಕೊಂಡಿರುತ್ತೆ ಅಕ್ಕ. ಉಸಿರು ಸಾಲ್ತಿಲ್ಲ ಅದಕ್ಕೆ. ಇಷ್ಟಕ್ಕೆ ನಾನ್ಯಾಕೆ? ಹೊಸದು ತಗೊಂಡು, ಡಬ್ಬಿಯ ಕ್ಲಿಪ್ ಬಿಚ್ಚಿ ಹಾಕ್ಬಿಡಿ" ಎಂದ.

ಬಿಡಿಭಾಗದ ಅಂಗಡಿಯವನು ಆ ವ್ಯಾನಿನ ಹೆಸರು ಕೇಳಿ, "ಇನ್ನೂ ಓಡ್ತಿದ್ಯಾ ಅದು!" ಎಂದು ಹುಬ್ಬೇರಿಸಿದ. ಹುಡುಕಾಡಿ, ಅಟ್ಟದಿಂದ ಧೂಳು ಹಿಡಿದ ಒಂದು ಪೆಟ್ಟಿಗೆ ಇಳಿಸಿದ.

ಅಂದು ಮಧ್ಯಾಹ್ನ ಗಂಡನ ಕುರ್ಚಿಯನ್ನು ವ್ಯಾನಿನ ಮುಂದೆಯೇ ಹಾಕಿದಳು. ಅವನಿಗೂ ಹೊತ್ತು ಹೋಗುತ್ತದೆ, ತನಗೂ ಧೈರ್ಯ. ಬಾನೆಟ್ ಎತ್ತಿದಳು. ಕರಿ ಡಬ್ಬಿ ಕಂಡಿತು. ಕ್ಲಿಪ್ಪುಗಳು ಬೆರಳು ಚಿವುಟಿದವು, ಆದರೂ ಬಿಚ್ಚಿಕೊಂಡವು. ಮುಚ್ಚಳ ತೆಗೆದು ಹಳೆಯ ಫಿಲ್ಟರನ್ನು ಎತ್ತಿದರೆ, ಮಡಿಕೆ ಮಡಿಕೆಯ ಕಾಗದಕ್ಕೆಲ್ಲ ಕರಿ ಗಸಿ ಮೆತ್ತಿಕೊಂಡಿತ್ತು. ಡಬ್ಬಿಯ ತಳದಲ್ಲಿ ಎಣ್ಣೆ ನಿಂತಿತ್ತು.

ಬ್ರೇಕಣ್ಣ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದ. "ನಾಳೆ" ಎಂದ.

"ಇವತ್ತೇ ರೀ. ನಾಳೆ ಬಟ್ಟೆ ಒಯ್ಯಬೇಕು."

"ನಾಳೆ! ನಾಳೆ!" ಎಡಗೈಯಿಂದ ಡಬ್ಬಿಯ ಕಡೆ ತೋರಿಸಿದ. ಅವಳು ಒಳಗೆ ಬಗ್ಗಿ ನೋಡಿದಳು.

"ಎಣ್ಣೆನಾ? ಒರೆಸ್ತೀನಿ, ತಾಳಿ." ಹಳೆಯ ಬಟ್ಟೆ ತಂದು ಚೊಕ್ಕಟವಾಗಿ ಒರೆಸಿದಳು. ಚೊಕ್ಕಟ ಮಾಡುವುದು ಅವಳ ಕಸುಬು. ಕಲೆ ಕಂಡರೆ ಕೈ ತಾನಾಗಿಯೇ ಒರೆಸುತ್ತಿತ್ತು.

ಅವನು ಕುರ್ಚಿಯ ಕೈಯನ್ನು ಬಡಿದ. ಎಂಜಿನ್ ತೋರಿಸಿದ, ಡಬ್ಬಿಗೆ ಹೋಗುವ ರಬ್ಬರ್ ಕೊಳವೆ ತೋರಿಸಿದ, ತನ್ನ ಎದೆ ಮುಟ್ಟಿಕೊಂಡ.

"ಎದೆ ನೋವಾ?" ಎಂದು ಅವಳು ಗಾಬರಿಯಿಂದ ಓಡಿಬಂದಳು. ಅವನು ಅಡ್ಡಡ್ಡ ತಲೆಯಾಡಿಸಿದ. ಕಣ್ಣಲ್ಲಿ ನೀರು ತುಂಬಿತು. ತನ್ನ ವ್ಯಾನಿಗೆ ಬೇರೆಯವರ ಕೈ ಬಿತ್ತೆಂದು ಸಂಕಟವಿರಬೇಕು ಎಂದುಕೊಂಡ ಅವಳು ಅವನ ತಲೆ ಸವರಿ, "ನಿಮ್ಮ ಗಾಡಿ ಹಾಳು ಮಾಡಲ್ಲ ರೀ" ಎಂದಳು. ಹೊಸ ಫಿಲ್ಟರ್ ಕೂರಿಸಿ ಕ್ಲಿಪ್ ಒತ್ತಿದಳು. ಅವನು ಮುಖ ಆಚೆ ತಿರುಗಿಸಿದ.

ವ್ಯಾನು ಹಗುರವಾಗಿ ಓಡಿತು. ಕಪ್ಪು ಹೊಗೆಯಿಲ್ಲ, ಏದುಸಿರಿಲ್ಲ. ಅವಳಿಗೆ ಹಿಗ್ಗೋ ಹಿಗ್ಗು. ಬಂದವರಿಗೆಲ್ಲ ಹೇಳಿಕೊಂಡಳು. ಬ್ರೇಕಣ್ಣ ಮಾತ್ರ ಅವಳು ಹೊರಡುವಾಗಲೆಲ್ಲ ಸೆರಗು ಹಿಡಿದುಕೊಳ್ಳುತ್ತಿದ್ದ. ಒಂದೊಂದೇ ಬೆರಳು ಬಿಡಿಸಿಕೊಂಡು ಅವಳು ಹೋಗುತ್ತಿದ್ದಳು.

ಅದಾಗಿ ಸ್ವಲ್ಪ ದಿನಕ್ಕೆ, ಬಟ್ಟೆ ತುಂಬಿಕೊಂಡು ಆಸ್ಪತ್ರೆಯ ಏರು ಹತ್ತುವಾಗ ಎಂಜಿನ್ ಇದ್ದಕ್ಕಿದ್ದಂತೆ ಕಿರುಚಿತು. ಅವಳು ಎಕ್ಸಲರೇಟರಿನಿಂದ ಕಾಲೆತ್ತಿದಳು. ಕಿರುಚಾಟ ಇನ್ನೂ ಏರಿತು. ಗೇರು ತೆಗೆದು, ಹೇಗೋ ಬ್ರೇಕು ಅದುಮಿ ಪಕ್ಕಕ್ಕೆ ನಿಲ್ಲಿಸಿ ಕೀಲಿ ತಿರುಗಿಸಿದಳು. ಎಂಜಿನ್ ನಿಲ್ಲಲಿಲ್ಲ. ಕೀಲಿಯನ್ನು ಕಿತ್ತೇ ಕೈಯಲ್ಲಿ ಹಿಡಿದಳು. ಆದರೂ ನಿಲ್ಲಲಿಲ್ಲ! ನೀಲಿ ಬಿಳಿ ಹೊಗೆ ರಸ್ತೆಯನ್ನೇ ನುಂಗಿತು. ಯಾರೋ "ಇಳೀರಿ, ಇಳೀರಿ" ಎಂದು ಕೂಗಿದರು. ಇಳಿದು ನಿಂತಳು. ಯಾರ ಕೈಗೂ ಸಿಗದ ಆ ಯಂತ್ರ ತನ್ನಷ್ಟಕ್ಕೆ ಅರಚಿ, ನಡುಗಿ, ಕೊನೆಗೆ ಒಳಗೆಲ್ಲೋ ದಡ್ಡೆಂದು ಮುರಿದು ಸುಮ್ಮನಾಯಿತು.

ಗ್ಯಾರೇಜಿಗೆ ಎಳೆದು ತಂದ ಮೇಲೆ ಮೇಸ್ತ್ರಿ ಡಬ್ಬಿ ಬಿಚ್ಚಿದ. ಹೊಸ ಫಿಲ್ಟರ್ ಎಣ್ಣೆಯಲ್ಲಿ ನೆಂದುಹೋಗಿತ್ತು.

"ಒಳಗಡೆ ಎಣ್ಣೆ ತಡೆಯೋ ಪಿಸ್ಟನ್ ರಿಂಗ್ ಸವೆದಿದೆ ಅಕ್ಕ. ಎಂಜಿನ್ ಆಯಿಲ್ ಈ ಕೊಳವೇಲಿ ಡಬ್ಬಿಗೆ ಬಂದಿದೆ. ಡೀಸೆಲ್ ಬದಲು ಅದನ್ನೇ ಕುಡಿದು ಓಡಿದೆ. ಕೀಲಿ ನಿಲ್ಲಿಸೋದು ಡೀಸೆಲ್ ಮಾತ್ರ, ಅದಕ್ಕೇ ಕೀಲಿಗೆ ನಿಲ್ಲಲಿಲ್ಲ. ಫಿಲ್ಟರ್ ಹಾಕುವಾಗ ಒಳಗೆ ಎಣ್ಣೆ ಇತ್ತಾ?"

"ಇತ್ತು. ಒರೆಸಿದೆ."

ಮೇಸ್ತ್ರಿ ಕೈ ಒರೆಸಿಕೊಂಡ. "ನಾನೂ ಅವತ್ತು ಎದ್ದು ಬಂದು ನೋಡ್ಬೇಕಿತ್ತು" ಎಂದ. ಎಂಜಿನ್ ಇನ್ನು ಕೆಲಸಕ್ಕೆ ಬಾರದೆಂದು ಅವನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಅವಳು ನಡೆದೇ ಮನೆಗೆ ಬಂದಳು. ಕುರ್ಚಿಯ ಮುಂದೆ ನೆಲದ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದಳು. "ನೀವು ಅದನ್ನೇ ಹೇಳ್ತಿದ್ರಿ ಅಲ್ವಾ?" ಅವನು ಹೌದೆಂದು ಕಣ್ಣು ಮುಚ್ಚಿ ತೆರೆದ. ಎಡಗೈಯಿಂದ ಅವಳ ಭುಜ, ಮೊಣಕೈ, ಮಣಿಕಟ್ಟು ಎಲ್ಲ ಒತ್ತಿ ಒತ್ತಿ ನೋಡಿದ, ಎಲ್ಲಾದರೂ ಪೆಟ್ಟಾಗಿದೆಯೇ ಎಂದು.

ಆಸ್ಪತ್ರೆಯ ಬಟ್ಟೆ ಬೇರೆ ಲಾಂಡ್ರಿಯ ಪಾಲಾಯಿತು. ಈಗ ಅಕ್ಕ ನೆರೆಹೊರೆಯವರ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ಅವನ ಕುರ್ಚಿಯನ್ನು ಮೇಜಿನ ಪಕ್ಕಕ್ಕೇ ಎಳೆದುಕೊಂಡಿದ್ದಾಳೆ. ಅವನು ಬಾಯಿ ತೆರೆದರೆ ಸಾಕು, ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ಒಂದೊಂದಾಗಿ ಕೇಳುತ್ತಾಳೆ: ನೀರಾ? ಕಾಲು ಜೋಮು ಹಿಡೀತಾ? ಕಿಟಕಿ ಮುಚ್ಚಲಾ? ಯಾರಾದರೂ ನೆನಪಾದ್ರಾ? ಕೆಲವೊಮ್ಮೆ ಸಿಕ್ಕಿಬಿಡುತ್ತದೆ, ಇಬ್ಬರೂ ನಗುತ್ತಾರೆ. ಇನ್ನು ಕೆಲವೊಮ್ಮೆ ಅವಳ ಹತ್ತಿರ ಕೇಳಲು ಪ್ರಶ್ನೆಗಳೇ ಉಳಿಯುವುದಿಲ್ಲ. ಅವನು ಅವಳನ್ನೇ ನೋಡುತ್ತಿರುತ್ತಾನೆ, ಅವಳು ಅವನನ್ನೇ.