ಬಲಗಾಲಿಟ್ಟು ಸ್ನೋಬೋರ್ಡ್ ಏರಿದ್ದು

ನಲವತ್ತನಾಲ್ಕನೇ ವಯಸ್ಸಿನಲ್ಲಿ ನಾನು ಸ್ನೋಬೋರ್ಡ್ ಏರಿದ್ದು ಶುದ್ಧ ಹೊಟ್ಟೆಕಿಚ್ಚಿನಿಂದ. ಅದೂ ಒಡಹುಟ್ಟಿದ ತಂಗಿಯ ಮೇಲೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ನೀವು ಹೆತ್ತ ಮಗಳು ದಿನವಿಡೀ ‘ಚಿಕ್ಕಿ, ಚಿಕ್ಕಿ’ ಅನ್ನುತ್ತಿದ್ದರೆ ನಿಮಗೂ ಉರಿಯುತ್ತದೆ.

ಆಗ ನಾವು ಅಡಿಲೇಡ್‌ನ ಬ್ಲೇರ್ ಅಥಾಲ್‌ನಲ್ಲಿದ್ದೆವು. ಡಾಕ್ಟರಾಗಿರುವ ನನ್ನ ಗಂಡ ಪರ್ತ್‌ನಲ್ಲಿ ಕೆಲಸ ಸಿಕ್ಕಿ, ಅಲ್ಲಿನ ಎಲೆನ್‌ಬ್ರೂಕ್ ಬಡಾವಣೆಯಲ್ಲಿ ಮನೆ ಹಿಡಿದು ಮುಂಚೆಯೇ ಹೋಗಿದ್ದರು. ವರ್ಷದ ಕೊನೆಗೆ ನಾನೂ ಮಗಳೂ ಹೋಗಬೇಕಿತ್ತು. ಹದಿನೈದರ ಮಗಳು ಪರ್ತ್ ಅಂದರೆ ಸಾಕು, ಮುಖ ತಿರುಗಿಸುತ್ತಿದ್ದಳು. ಬ್ರಿಸ್ಬೇನ್‌ನಲ್ಲಿ ಚಿಕ್ಕಿಯ ಮನೆಯಲ್ಲಿದ್ದು ಸ್ಕೂಲಿನ ಕೊನೆಯ ಎರಡು ವರ್ಷ ಓದುತ್ತೇನೆ ಎಂದು ಒಮ್ಮೆ ಬಾಯಿಬಿಟ್ಟಳು. ‘ಸುಮ್ನಿರು’ ಎಂದು ಗದರಿದೆ. ಸುಮ್ಮನಾದಳು. ಅವಳು ಅಷ್ಟು ಸುಲಭಕ್ಕೆ ಸುಮ್ಮನಾದದ್ದೇ ನನಗೆ ಭಯ ಹುಟ್ಟಿಸಿತು.

ಜುಲೈ ರಜಕ್ಕೆ ಬ್ರಿಸ್ಬೇನ್‌ಗೆ ಹೋದೆವು. ಅಷ್ಟರಲ್ಲೇ ಚಿಕ್ಕಿ, ಮಗಳು ಇಬ್ಬರೂ ಸೇರಿ ಸ್ನೋಬೋರ್ಡ್ ಕ್ಲಾಸ್ ಬುಕ್ ಮಾಡಿದ್ದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

‘ನೀನು ಅಲ್ಲೇ ಕೆಫೆನಲ್ಲಿ ಕೂತಿರು ಅಕ್ಕ, ಕಾಫಿ ಚೆನ್ನಾಗಿರುತ್ತೆ’ ಎಂದಳು ತಂಗಿ.

ಆಹಾ, ಏನು ಕಾಳಜಿ! ‘ನಾನೂ ಕಲೀತೀನಿ’ ಅಂದೆ. ಮಗಳು ‘ಯು?’ ಎಂದು ನಕ್ಕಳು.

ಬ್ರಿಸ್ಬೇನ್‌ನಲ್ಲಿ ಹಿಮ ಎಲ್ಲಿಂದ ಬರಬೇಕು? ಒಂದು ದೊಡ್ಡ ಶೆಡ್ಡು, ಅದರೊಳಗೊಂದು ಇಳಿಜಾರು, ಇಳಿಜಾರಿನ ತುಂಬ ಬಿಳಿ ಪ್ಲಾಸ್ಟಿಕ್ಕಿನ ಬ್ರಷ್ಷಿನಂಥ ಹಾಸು. ಜಾರಲೆಂದು ಅದಕ್ಕೆ ನೀರು ಚಿಮುಕಿಸಿರುತ್ತಾರೆ. ಬಿದ್ದರೆ ಬಟ್ಟೆ ಒಗೆಯುವ ಬ್ರಷ್ಷಿನಲ್ಲಿ ಮೈ ಉಜ್ಜಿದ ಹಾಗಾಗುತ್ತದೆ.

ಸ್ನೋಬೋರ್ಡಿನ ಮೇಲೆ ಅಡ್ಡಡ್ಡ ನಿಲ್ಲಬೇಕು, ಒಂದು ಕಾಲು ಮುಂದೆ, ಒಂದು ಹಿಂದೆ. ಯಾರಿಗೆ ಯಾವ ಕಾಲು ಮುಂದೆ ಎಂದು ತಿಳಿಯಲು ಕಲಿಸುವ ಹುಡುಗ ಒಬ್ಬೊಬ್ಬರನ್ನೇ ಹಿಂದಿನಿಂದ ಮೆಲ್ಲಗೆ ತಳ್ಳಿದ. ತಾನಾಗಿ ಯಾವ ಕಾಲು ಮುಂದೆ ಬರುತ್ತದೋ ಅದೇ ಮುಂಗಾಲಂತೆ. ತಂಗಿಗೆ ಎಡಗಾಲು ಬಂತು. ಮಗಳಿಗೂ ಎಡಗಾಲು. ನನ್ನ ಸರದಿ ಬರುವಷ್ಟರಲ್ಲಿ ನಾನು ತೀರ್ಮಾನ ಮಾಡಿಯಾಗಿತ್ತು. ಹೊಸ ಕೆಲಸಕ್ಕೆ ಯಾರಾದರೂ ಎಡಗಾಲು ಇಡುತ್ತಾರೆಯೇ? ಬಾಡಿಗೆ ಮನೆಗೂ ಬಲಗಾಲಿಟ್ಟೇ ಒಳಗೆ ಹೋಗುವವಳು ನಾನು. ಅವನು ತಳ್ಳಿದ ತಕ್ಷಣ ಬಲಗಾಲು ಮುಂದಿಟ್ಟೆ. ಅವನು ಪಾಪ ನಂಬಿ, ಬಲಗಾಲು ಮುಂದೆ ಬರುವಂತೆಯೇ ಬೋರ್ಡಿಗೆ ಕಾಲು ಬಿಗಿಯುವ ಪಟ್ಟಿಗಳನ್ನು ಕೂಡಿಸಿಕೊಟ್ಟ.

ಆಮೇಲೆ ಬಿದ್ದೆ ನೋಡಿ! ಎದ್ದರೆ ಬೀಳುವುದು, ಬಿದ್ದರೆ ಏಳಲಾಗದಿರುವುದು. ತಂಗಿಯೋ, ಮೂರನೇ ಸಲಕ್ಕೇ ಸುಯ್ಯನೆ ಇಳಿದುಬಿಟ್ಟಳು. ಕೂದಲು ಕೂಡ ಕೆದರಿರಲಿಲ್ಲ. ‘ಚಿಕ್ಕಿ, ಯು ಆರ್ ಅಮೇಜಿಂಗ್!’ ಎಂದು ಮಗಳು ಕುಣಿದಳು. ಇವಳೂ ಒಂದು ಸಲ ಬೀಳಬಾರದೇ ದೇವರೇ, ಒಂದೇ ಸಲ, ಜೋರಾಗಿ, ಎಂದು ನಾನು ಮನಸಾರೆ ಬೇಡಿಕೊಂಡೆ. ಬೀಳಲಿಲ್ಲ.

ಕೊನೆಗೆ ನನ್ನ ಗುಟ್ಟು ಕಂಡುಹಿಡಿದವಳೂ ಅವಳೇ. ‘ಅಕ್ಕ, ಬಲಗಾಲು ಬೇಕು ಬೇಕಂತ್ಲೇ ಇಟ್ಟೆ ತಾನೆ? ಇದೇನು ಗೃಹಪ್ರವೇಶ ಅನ್ಕೊಂಡ್ಯಾ?’ ಎಂದು, ಅದನ್ನೇ ಹುಡುಗನಿಗೆ ಇಂಗ್ಲಿಷಿನಲ್ಲಿ ವಿವರಿಸಿದಳು. ಅವನೂ ನಕ್ಕ, ಮಗಳೂ ನಕ್ಕಳು. ಅವನು ಪಟ್ಟಿಗಳನ್ನು ಬಿಚ್ಚಿ ಎಡಗಾಲು ಮುಂದೆ ಬರುವಂತೆ ಕೂಡಿಸಿದ. ನಿಂತ ಕೂಡಲೇ ಸರಿಹೋಯಿತು. ತಂಗಿಯ ಮಾತು ಸರಿಯಾಗಿತ್ತಲ್ಲ, ಅದಕ್ಕೂ ಮೈ ಉರಿಯಿತು.

ತಂಗಿ ನೀರು ತರಲು ಕೆಫೆಯ ಕಡೆ ಹೋದಳು. ಆಗ ಮಗಳು ತನ್ನ ಬೋರ್ಡು ಬಿಚ್ಚಿಟ್ಟು, ಇಳಿಜಾರಿನ ಮೇಲೆ ನಿಂತಿದ್ದ ನನ್ನೆದುರು ಬಂದು ಎರಡೂ ಕೈ ಹಿಡಿದುಕೊಂಡಳು. ‘ಕಾಲು ನೋಡ್ಬೇಡಮ್ಮ, ನನ್ನನ್ನ ನೋಡು.’ ನೋಡಿದೆ. ಅವಳು ಇಷ್ಟು ಹತ್ತಿರ ನಿಂತು ಎಷ್ಟು ತಿಂಗಳಾಗಿತ್ತೋ! ಗೆದ್ದೆ ಅಂದುಕೊಂಡೆ.

‘ಅಮ್ಮ, ಐ ವಾಂಟ್ ಟು ಸ್ಟೇ ವಿತ್ ಚಿಕ್ಕಿ. ಪರ್ತ್‌ಗೆ ಬರಲ್ಲ.’

‘ಇದನ್ನ ಇಲ್ಲಿ ಹೇಳ್ತೀಯಾ?’

‘ಮನೇಲಿ ಹೇಳಿದ್ರೆ ಎದ್ದು ಹೋಗಿಬಿಡ್ತೀಯ.’

ನನ್ನ ಎರಡೂ ಕಾಲು ಬೋರ್ಡಿಗೆ ಬಿಗಿದಿದ್ದವು. ‘ಚಿಕ್ಕಿ ಏನಂದ್ಲು?’

‘ಅಮ್ಮ ಬೇಡ ಅಂದ್ರೆ ಬೇಡ ಅಂದ್ಲು.’

ನೋಡಿ, ಅಲ್ಲೂ ಒಳ್ಳೆಯವಳಾದಳು. ಕೆಟ್ಟವಳಾಗುವ ಕೆಲಸ ಮಾತ್ರ ನನಗೆ. ಮಗಳ ಕೈ ಬೆವರುತ್ತಿತ್ತು. ಬೈಯಲು ಬಾಯಿ ತೆರೆದವಳು ಅವಳ ಮುಖ ನೋಡಿದೆ. ಅಷ್ಟು ಹೆದರಿಕೊಂಡು ಕೇಳುತ್ತಿತ್ತು ಮಗು.

‘ರಜಾ ಬಂದಾಗೆಲ್ಲ ಪರ್ತ್‌ಗೆ ಬರ್ಬೇಕು. ಎಲ್ಲಾ ರಜಕ್ಕೂ’ ಅಂದೆ.

ಅವಳು ನನ್ನನ್ನು ಅಪ್ಪಿಕೊಂಡು, ಕೈ ಬಿಟ್ಟು ಓಡಿದಳು. ಬೋರ್ಡು ಜಾರಿತು. ನಾನು ಬೀಳಲಿಲ್ಲ. ನೆಟ್ಟಗೆ ನಿಂತು, ಕೆಳಗಿನ ಸಮತಟ್ಟಿನವರೆಗೂ ಇಳಿದು, ನಾನಾಗಿಯೇ ನಿಂತೆ. ‘ನೋಡಿದ್ಯೇನೇ?’ ಎಂದು ಕೂಗುತ್ತಾ ತಿರುಗಿದೆ. ಮಗಳು ಕೆಫೆಯ ಬಾಗಿಲಲ್ಲಿ ಚಿಕ್ಕಿಯ ಕೊರಳಿಗೆ ಜೋತುಬಿದ್ದಿದ್ದಳು, ಬೆನ್ನು ನನ್ನ ಕಡೆಗಿತ್ತು.