ಹರಿಹರದ ಹೊಳೆದಂಡೆಯಲ್ಲಿ ಬ್ಯಾಂಕಾಕಿನ ಉಂಡೆ

ನಮ್ಮ ಯಜಮಾನರನ್ನು ಮಿಲ್ಲಿನವರು ಬ್ಯಾಂಕಾಕಿಗೆ ಕಳಿಸಿದ್ದು ಅಲ್ಲಿ ಹೊಸದಾಗಿ ಏಳುತ್ತಿದ್ದ ಒಂದು ಮಿಲ್ಲಿಗೆ ಮಗ್ಗ ಕೂಡಿಸಿ ಕೊಡಲಿಕ್ಕೆ. ಅರವತ್ತರ ದಶಕ ಆಗಿನ್ನೂ ಶುರುವಾಗಿತ್ತು. ದಾವಣಗೆರೆಯಿಂದ ಹುಬ್ಬಳ್ಳಿಗೆ ಹೋಗಿ ಬಂದವರೇ ನಾಲ್ಕು ದಿನ ಅಂಗಳದಲ್ಲಿ ಕೂತು ಪ್ರವಾಸ ಕಥನ ಹೇಳುತ್ತಿದ್ದ ಕಾಲ. ಇವರು ಆರು ತಿಂಗಳು ವಿದೇಶದಲ್ಲಿದ್ದು ಬಂದರು. ಮಗ್ಗದ ವಿಷಯ ಒಂದು ಮಾತೂ ಆಡಲಿಲ್ಲ. ಬಾಯಿ ಬಿಟ್ಟರೆ ಅಡುಗೆ, ಅಡುಗೆ, ಅಡುಗೆ.

ಅಲ್ಲಿ ಒಬ್ಬ ಅಜ್ಜ ಅಜ್ಜಿಯ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದರಂತೆ. ಇವರು ಮೀನು ಮುಟ್ಟುವವರಲ್ಲವೆಂದು ಅಜ್ಜಿ ಮೀನಿಲ್ಲದ ಅಡುಗೆ ಮಾಡಿ ಹಾಕಿದಳಂತೆ. ಬೇಜಾರು ಕಳೆಯಲು ಇವರು ಅವಳ ಒಲೆಯ ಮುಂದೆ ಕೂತು ಕಾಯಿ ತುರಿದುಕೊಟ್ಟರಂತೆ. ಇಲ್ಲಿ, ನಮ್ಮ ಮನೆಯಲ್ಲಿ, ನೀರಿನ ತಂಬಿಗೆ ಎಲ್ಲಿರುತ್ತದೆ ಎಂಬುದು ಗೊತ್ತಿಲ್ಲದ ಮಹಾಶಯರು! ಕಾಯಿ ತುರಿಯಲು ಸಮುದ್ರ ದಾಟಬೇಕಾಯಿತು.

ಇದೆಲ್ಲ ಕೇಳಿಸಿಕೊಂಡು ನಕ್ಕು ಸುಮ್ಮನಿರಬಹುದಿತ್ತು. ಆದರೆ ಒಂದು ದಿನ ಇವರು, ಆ ಅಜ್ಜ ಅಜ್ಜಿ ಎದುರುಬದುರು ಕೂತು ಒಂದೇ ಬಟ್ಟಲಿನಿಂದ ಎತ್ತಿಕೊಂಡು ಉಣ್ಣುತ್ತಾರೆ ಎಂದರು. ಲಗ್ನವಾದ ದಿನ ಬಂತೆಂದರೆ ಅಂದು ಅಜ್ಜನೇ ಅಡುಗೆ ಮಾಡಿ, ಅಂಟಕ್ಕಿಯ ಅನ್ನಕ್ಕೆ ಕಾಯಿಹಾಲು ಸಕ್ಕರೆ ಬೆರೆಸಿ, ಮಾವಿನಹಣ್ಣು ಹೆಚ್ಚಿಟ್ಟು, ಅಜ್ಜಿಯನ್ನು ಕೂರಿಸಿ ಬಡಿಸುತ್ತಾನಂತೆ. ಆ ಮಾತು ಎಲ್ಲೋ ನಾಟಿತು. ಯಾಕೆಂದರೆ ಮದುವೆಯಾದ ಎಂಟು ವರ್ಷದಲ್ಲಿ ನಾನು ನನ್ನ ಗಂಡನ ಎದುರು ಕೂತು ಒಂದು ತುತ್ತು ಉಂಡವಳಲ್ಲ. ಮದುವೆಯಲ್ಲಿ ಭೂಮದ ಊಟಕ್ಕೆ ಒಂದೇ ಹರಿವಾಣದಲ್ಲಿ ಕೈ ಹಾಕಿದ್ದು ನಿಜ; ಅಂದು ಮುಖವೇ ಕಾಣದಷ್ಟು ಸೆರಗು ಎಳೆದಿದ್ದರಿಂದ ನಾನು ಉಂಡದ್ದು ಹೋಳಿಗೆಯೋ ಹಪ್ಪಳವೋ ಇಂದಿಗೂ ತಿಳಿಯದು. ಅಂದಿನಿಂದ ಮೊದಲು ಪಡಸಾಲೆಯಲ್ಲಿ ಗಂಡಸರು, ಆಮೇಲೆ ಮಕ್ಕಳು, ಮಕ್ಕಳು ಉಂಡ ಮೇಲೆ ಅತ್ತೆ, ಅತ್ತೆ ಉಂಡ ಮೇಲೆ ಆರಿ ತಣ್ಣಗಾದದ್ದನ್ನು ನಾನು. ಅದು ನಮ್ಮ ಮನೆಯ ಪಂಕ್ತಿ. ಯಾರೂ ನನಗೆ ಹಿಂಸೆ ಕೊಡಲಿಲ್ಲ. ಯಾರೂ ಆ ವಿಷಯ ಯೋಚಿಸಲೂ ಇಲ್ಲ, ಅಷ್ಟೇ.

“ನಮ್ಮ ಲಗ್ನದ ದಿನಾನೂ ಬರಾಕ ಹತ್ತೈತೆ. ನಾನಾ ಅಡಿಗಿ ಮಾಡ್ತೀನಿ. ಇಬ್ಬರೂ ಕೂತು ಉಣ್ಣೋಣು,” ಎಂದರು ಇವರು. ಲಗ್ನಪತ್ರಿಕೆ ಹುಡುಕಿ ದಿನ ಬೇರೆ ಪತ್ತೆ ಮಾಡಿದ್ದರು.

“ಎಲ್ಲಿ? ನಿಮ್ಮ ಅವ್ವನ ಅಡಿಗಿಮನ್ಯಾಗೋ?” ಎಂದೆ.

ಶೂರರ ಮುಖ ಸಣ್ಣದಾಯಿತು. ಅತ್ತೆಯ ಅಡುಗೆಮನೆಗೆ ಮಗ ಕಾಲಿಟ್ಟು ಸೌಟು ಹಿಡಿದರೆ, ಅದು ಮಗನ ತಪ್ಪಾಗುತ್ತಿರಲಿಲ್ಲ; ಯಾರ ತಪ್ಪಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ನಾನು ಮಾತು ಅಲ್ಲಿಗೇ ಬಿಟ್ಟೆ. ಬಿಟ್ಟೆ ಎಂದು ತೋರಿಸಿಕೊಂಡೆ. ರಾತ್ರಿ ಪಾತ್ರೆ ತೊಳೆಯುವಾಗ ಮಾತ್ರ, ಒಂದೇ ಒಂದು ಸಲ ಆದರೆ ಏನಾಗುತ್ತಿತ್ತು, ಎಂದುಕೊಳ್ಳುತ್ತ ತಳ ಹಿಡಿದ ಪಾತ್ರೆಯನ್ನು ಇನ್ನಷ್ಟು ಜೋರಾಗಿ ತಿಕ್ಕುತ್ತಿದ್ದೆ.

ಕೊನೆಗೆ ಇವರೇ ಉಪಾಯ ಕಂಡುಹಿಡಿದರು. ಹರಿಹರದ ದೇವರಿಗೆ ಹರಕೆ ಇದೆ, ವಿದೇಶದಿಂದ ಸುಖವಾಗಿ ಬಂದರೆ ಗಂಡಹೆಂಡತಿ ಬಂದು ಕಾಯಿ ಒಡೆಸುತ್ತೇವೆಂದು ಬೇಡಿಕೊಂಡಿದ್ದೆ, ಎಂದು ಅವ್ವನಿಗೆ ಸುಳ್ಳು ಹೇಳಿದರು. ದೇವರ ವಿಷಯದಲ್ಲಿ ಅತ್ತೆ ಎರಡು ಮಾತಾಡುವವರಲ್ಲ. ಮಕ್ಕಳನ್ನು ತಾನೇ ನೋಡಿಕೊಳ್ಳುತ್ತೇನೆಂದು ಒಪ್ಪಿ, ಆರಿಸಿ ಒಂದು ದೊಡ್ಡ ತೆಂಗಿನಕಾಯಿಯನ್ನೂ ಕೊಟ್ಟರು. ಆ ಕಾಯಿ ದೇವರಿಗೆ ಸಲ್ಲಲಿಲ್ಲ, ಹಾಲಾಗಿ ಹೋಯಿತು. ಆ ಪಾಪದಲ್ಲಿ ನನಗೂ ಅರ್ಧ ಪಾಲಿದೆ.

ಸ್ಟೋವು, ಇಡ್ಲಿ ಪಾತ್ರೆ, ಕುಟ್ಟಲು ಸಣ್ಣ ಕಲ್ಬತ್ತು, ಈಳಿಗೆಮಣೆ ಎಲ್ಲ ಹಿಂದಿನ ದಿನವೇ ಸ್ಟೇಶನ್ ಹತ್ತಿರದ ಸ್ನೇಹಿತರ ಮನೆ ಸೇರಿದ್ದವು. ಬ್ಯಾಂಕಾಕಿನಿಂದ ಬಿಸ್ಕೀಟಿನ ಡಬ್ಬಿಯಲ್ಲಿ ತಂದಿದ್ದ ಅಂಟಕ್ಕಿಯನ್ನೂ ಅಲ್ಲೇ ನೆನೆಹಾಕಿದ್ದರು. ಭಾನುವಾರ ಬೆಳಿಗ್ಗೆ ಇವನ್ನೆಲ್ಲ ಹೊತ್ತು ಪ್ಯಾಸೆಂಜರ್ ರೈಲು ಹತ್ತಿದಾಗ ಎದುರಿಗೆ ಕೂತ ಮುದುಕರು, “ಹರಿಹರದಾಗ ಹೋಟ್ಲು ಇಡ್ತೀರೇನ್ರಿ?” ಎಂದು ಕೇಳಿದರು. ಇವರಿಗೆ ಅದು ಹೊಗಳಿಕೆಯಂತೆ ಕೇಳಿಸಿತು.

ಮೇ ತಿಂಗಳ ತುಂಗಭದ್ರೆ ಸೊರಗಿ ಮರಳು ಬಿಟ್ಟುಕೊಂಡಿದ್ದಳು. ಮೆಟ್ಟಿಲ ಮೇಲೆ ಸ್ನಾನ ಮಾಡುವವರು, ಬಟ್ಟೆ ಒಗೆಯುವವರು ಇದ್ದರು. ಇವರು ಒಂದು ಅರಳಿಮರದ ನೆರಳು ಹಿಡಿದರು. ಹೊಳೆಯಲ್ಲಿ ಮುಳುಗಿ ಎದ್ದು, ಒದ್ದೆ ಪಂಚೆಯಲ್ಲೇ ಲಿಂಗಪೂಜೆ ಮುಗಿಸಿ, ಹಣೆ ತೋಳಿಗೆಲ್ಲ ವಿಭೂತಿ ಎಳೆದುಕೊಂಡು, ಅಂಗಿ ಹಾಕಿಕೊಳ್ಳದೆ ಅಡುಗೆಗೆ ಕೂತರು. ಬಿಸಿಲಿಗೆ ಅಂಗಿ ಯಾರಿಗೆ ಬೇಕು. ಹೆಗಲಿನಿಂದ ಅಡ್ಡಡ್ಡ ಇಳಿದ ಶಿವದಾರ ಬಿಟ್ಟರೆ ಎದೆಯ ಮೇಲೆ ಏನೂ ಇರಲಿಲ್ಲ.

ಮೊದಲು ಕಲ್ಬತ್ತಿನಲ್ಲಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ನಿಂಬೆ ವಾಸನೆಯ ಮಜ್ಜಿಗೆಹುಲ್ಲು, ಕೊತ್ತಂಬರಿಯ ಬೇರು ಹಾಕಿ ಜಜ್ಜಿದರು. ಅದನ್ನು ಕಾಯಿಹಾಲಿಗೆ ಹಾಕಿ ಬದನೆಕಾಯಿ ಕುದಿಸಿದರು. ಆಮೇಲೆ ಪಪ್ಪಾಯಿಕಾಯಿ ಎಳೆಎಳೆಯಾಗಿ ಹೆರೆದು, ಶೇಂಗಾ, ಬೆಲ್ಲ, ನಿಂಬೆಹುಳಿ ಸೇರಿಸಿ ಕುಟ್ಟಿದರು.

“ಇದು ಕೋಸಂಬರಿ ಅಲ್ಲೇನ್ರಿ?” ಎಂದೆ.

“ಕೋಸಂಬ್ರಿ ಅಂತ ಕೋಸಂಬ್ರಿ! ಇದು ಬ್ಯಾರೆ ಐತೆ. ನಿನಗ ತಿಳಿಯಂಗಿಲ್ಲ, ಸುಮ್ನ ಕೂಡು.”

ಸುಮ್ಮನೆ ಕೂತೆ. ಅಡುಗೆ ಮಾಡುವವರ ಮುಂದೆ ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ಅಂದು ಗೊತ್ತಾಯಿತು. ನಮ್ಮ ಮನೆಯ ಗಂಡಸರು ಇಷ್ಟು ವರ್ಷ ಅದನ್ನು ಹೇಗೆ ಸಹಿಸಿಕೊಂಡರೋ ಪಾಪ. ಹೋಗುವವರು ಬರುವವರು ನಿಂತು ನೋಡುತ್ತಿದ್ದರು. ಗಂಡ ಒಲೆ ಮುಂದೆ, ಹೆಂಡತಿ ಕೈಕಟ್ಟಿಕೊಂಡು ಮರಕ್ಕೆ ಒರಗಿ! ನಾಚಿಕೆಯಿಂದ ಸೆರಗು ಹಣೆಯವರೆಗೆ ಎಳೆದುಕೊಂಡೆ. ಅಷ್ಟರಲ್ಲಿ ಮೆಣಸಿನಕಾಯಿಯ ಘಾಟು ಬಡಿದು ಕಣ್ಣಲ್ಲಿ ಮೂಗಲ್ಲಿ ಧಾರಾಕಾರ ನೀರು. ಸೆರಗಿನಿಂದ ಒರೆಸಿಕೊಂಡಷ್ಟೂ ಹೆಚ್ಚಾಯಿತು.

ಇಡ್ಲಿ ಪಾತ್ರೆಯಲ್ಲಿ ಬೆಂದ ಅಂಟಕ್ಕಿಗೆ ಇವರು ಸಕ್ಕರೆ, ಉಪ್ಪು ಬೆರೆಸಿದ ಕಾಯಿಹಾಲು ಸುರಿದು ಮುಚ್ಚಿಟ್ಟರು. ಅಕ್ಕಿ ಹಾಲು ಕುಡಿದ ಮೇಲೆ, ಆ ಅಜ್ಜಿಯ ತವರಿನ ಕಡೆ ಹೀಗೇ ಮಾಡುತ್ತಾರೆ ಎನ್ನುತ್ತ, ಅಂಗೈಯಲ್ಲಿ ಒತ್ತಿ ಉಂಡೆ ಕಟ್ಟತೊಡಗಿದರು. ಬಾಳೆಲೆ ಹಾಸಿ ಆರು ಉಂಡೆ ಸಾಲಾಗಿ ಇಟ್ಟು, ಮೇಲೆ ಹುರಿದ ಕರಿ ಎಳ್ಳು ಉದುರಿಸಿದರು. ಪಕ್ಕದಲ್ಲಿ ಮಾವಿನಹಣ್ಣು. ದೂರ ಸರಿದು ನಿಂತು, ತಲೆ ಓರೆ ಮಾಡಿ, ತಮ್ಮ ಕೈಚಳಕವನ್ನು ತಾವೇ ಮೆಚ್ಚಿಕೊಂಡರು.

ಲಿಂಗವಂತರಾದ ನಮ್ಮಲ್ಲಿ ಸತ್ತವರನ್ನು ಮಣ್ಣು ಮಾಡುತ್ತಾರೆ. ಪಿಂಡ ಇಡುವ ರೂಢಿ ಇಲ್ಲ. ಆದ್ದರಿಂದ ಹೊಳೆಯ ದಂಡೆ, ಅರಳಿಮರ, ಒದ್ದೆ ಪಂಚೆಯ ಗಂಡಸು, ಬಾಳೆಲೆಯ ಮೇಲೆ ಎಳ್ಳು ಉದುರಿಸಿದ ಅನ್ನದ ಉಂಡೆ, ಹಿಂದೆ ಸೆರಗಲ್ಲಿ ಮುಖ ಒರೆಸಿಕೊಳ್ಳುವ ಹೆಂಗಸು, ಇದು ನೋಡುವವರಿಗೆ ಏನಾಗಿ ಕಾಣುತ್ತದೆ ಎಂಬುದು ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಹೊಳೆಯಬೇಕಲ್ಲ! ಹೊಳೆಯಲಿಲ್ಲ. ಹರಿಹರದ ದಂಡೆಯಲ್ಲಿ ದಿನಾ ಅದೇ ಕೆಲಸ ಮಾಡಿಸುವ ಒಬ್ಬ ವಯಸ್ಸಾದ ಪುರೋಹಿತರಿಗೆ ಮಾತ್ರ ತಕ್ಷಣ ಹೊಳೆಯಿತು. ಪಂಚಪಾತ್ರೆ ಹಿಡಿದು ಸರಸರ ಬಂದರು. ಶಿವದಾರ ದೂರದಿಂದ ಜನಿವಾರವಾಗಿ ಕಂಡಿತೋ ಏನೋ.

“ಮಂತ್ರ ಇಲ್ಲ, ಸಂಕಲ್ಪ ಇಲ್ಲ, ಹಿಂಗೆಲ್ಲ ತಾವೇ ಮಾಡ್ಕೋಬಾರ್ದಪ್ಪ. ಹೋದೋರಿಗೆ ಮುಟ್ಟೋದಿಲ್ಲ,” ಎಂದರು ಬಹಳ ಕನಿಕರದಿಂದ. “ಯಾರು ಹೋಗಿದ್ದು?”

ಇವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ನಾನಾ ಹೋಗಿದ್ದೆ ಸ್ವಾಮಿ, ಬ್ಯಾಂಕಾಕಿಗೆ. ಅಲ್ಲಿ ಒಬ್ಬ ಅಜ್ಜಿ ಇದ್ಲು...”

“ಅಯ್ಯೋ, ಪರದೇಶದಾಗೆ ಅಜ್ಜಿ ಹೋದ್ರೇ!”

“ಅಜ್ಜಿ ಭಾಳ ಒಳ್ಳೇಕಿ ರೀ. ಇದನ್ನ ಹೆಂಗ್ ಮಾಡಬೇಕು ಅಂತ ನನಗ ಕಲಿಸಿದಾಕಿನೇ ಆಕಿ.”

ಸಾಯುವ ಮೊದಲೇ ತನ್ನ ಪಿಂಡ ಕಟ್ಟುವುದನ್ನು ಕಲಿಸಿ ಹೋದ ಆ ಮುಂದಾಲೋಚನೆಯ ಅಜ್ಜಿಯ ವಿಷಯ ಕೇಳಿ ಪುರೋಹಿತರು ಕೈಮುಗಿದರು. ನನಗೆ ಆಗ ತಿಳಿಯಿತು. ಬಾಯಿ ಬಿಡುವಷ್ಟರಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸು ಬಂದು ನನ್ನ ಕೈ ಹಿಡಿದುಕೊಂಡಳು. “ಅಳಬ್ಯಾಡವ್ವ. ವಯಸ್ಸಾಗಿತ್ತಲ್ಲ, ನರಳಲಿಲ್ಲಲ್ಲ,” ಎಂದಳು. ಅವಳ ಹಿಂದೆ ಇನ್ನೂ ನಾಲ್ಕು ಜನ ನಿಂತರು. ಇವರು ಇನ್ನೂ ಆ ಅಜ್ಜಿಯ ಗುಣಗಾನದಲ್ಲೇ ಇದ್ದರು. ನನ್ನ ಗಂಡನಿಗೆ ಒಂದು ಚಟ. ಕೇಳುವವರು ಸಿಕ್ಕರೆ ಸುತ್ತ ಏನು ನಡೆದಿದೆ ಎಂದು ನೋಡುವುದಿಲ್ಲ.

ಅಷ್ಟರಲ್ಲಿ ಕಾಗೆಗಳು ಬಂದವು. ಅವಕ್ಕೆ ಆ ದಂಡೆ, ಆ ಉಂಡೆ ಎರಡೂ ಚೆನ್ನಾಗಿ ಗೊತ್ತಿದ್ದವು. ಉಪಕಾರದ ಒಬ್ಬ ಗಂಡಸು, “ಕಾಗಿ ಕಾಯಾಕ ಹತ್ಯಾವು, ತಡ ಮಾಡಬ್ಯಾಡ್ರಿ,” ಎಂದವನೇ ಬಾಳೆಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮೆಟ್ಟಿಲ ಕೆಳಗಿನ ಕಾಗೆಯ ಕಲ್ಲಿನ ಕಡೆ ಹೊರಟ. ಇವರು, “ರೀ, ರೀ...” ಎಂದು ಕೈಚಾಚಿ ನಿಂತರು, ಅಷ್ಟೇ. ಅಷ್ಟು ಜನರ ಮುಂದೆ, ಇದು ನನ್ನ ಹೆಂಡತಿಗೆ ನಾನು ಮಾಡಿದ ಊಟ ಎನ್ನಲು ಆ ಗಂಡಸಿನ ನಾಲಿಗೆ ಏಳಲಿಲ್ಲ.

ನನ್ನ ಊಟ ಕಾಗೆಯ ಪಾಲಾಗಲು ಹೊರಟಿತ್ತು. ಇನ್ನೊಮ್ಮೆ ಹರಕೆಯ ಸುಳ್ಳು ಹೇಳಲು ಆಗದು, ಡಬ್ಬಿಯಲ್ಲಿ ಅಕ್ಕಿಯೂ ಇಲ್ಲ, ಇವರಿಗೆ ಇನ್ನೊಂದು ಸಲ ಈ ಹುಮ್ಮಸ್ಸೂ ಬಾರದು. ಎಲ್ಲಿಂದ ಬಂತೋ ಸಿಟ್ಟು, ನೆತ್ತಿಗೇರಿತು. ಕೈ ಹಿಡಿದಿದ್ದವಳಿಂದ ಬಿಡಿಸಿಕೊಂಡು ಓಡಿದೆ. ಆ ಮನುಷ್ಯನ ಎದುರು ನಿಂತು, ಎಲೆಯಿಂದ ಒಂದು ಉಂಡೆ ತೆಗೆದು ಬಾಯಿಗೆ ಹಾಕಿಕೊಂಡುಬಿಟ್ಟೆ.

ಹೊಳೆಯ ದಂಡೆಯಲ್ಲಿ ಒಗೆಯುವ ಸದ್ದೂ ನಿಂತಿತು. ಒಬ್ಬಳು, “ಶಿವನೇ, ಪಿಂಡ ತಿಂದ್ಲು!” ಎಂದು ಕಿರುಚಿದಳು. ಬಾಯಿ ತುಂಬಿಕೊಂಡೇ ಇನ್ನೊಂದನ್ನು ತೆಗೆದುಕೊಂಡೆ. ನುಂಗಿ, ಪುರೋಹಿತರ ಕಡೆ ತಿರುಗಿ, “ಯಾರೂ ಸತ್ತಿಲ್ಲ ಸ್ವಾಮಿ. ನಮ್ಮ ಲಗ್ನ ಆಗಿ ಎಂಟು ವರ್ಷ ಆತು. ಅದಕ್ಕ ಇವರು ನನಗ ಅಡಿಗಿ ಮಾಡ್ಯಾರ,” ಎಂದೆ.

ಪುರೋಹಿತರು, “ಹಾಗಾದ್ರೆ ಮೊದ್ಲೇ ಹೇಳಬಾರ್ದೇನಮ್ಮ. ಸುಖವಾಗಿರ್ರಿ,” ಎಂದು ಪಂಚಪಾತ್ರೆ ಎತ್ತಿಕೊಂಡು ಹೋದರು. ಉಳಿದವರು ಅಷ್ಟು ಉದಾರಿಗಳಾಗಿರಲಿಲ್ಲ. ಎಲೆ ಹಿಡಿದಿದ್ದವನು ಅದನ್ನು ಕೆಳಗಿಟ್ಟು ಕೈ ತೊಳೆದುಕೊಂಡ. ನನ್ನನ್ನು ಸಮಾಧಾನ ಮಾಡಿದವಳು, “ಗಂಡನ ಕೈಲೆ ಅಡಿಗಿ ಮಾಡ್ಸಿ ಮುಂದ ತಾನಾ ಉಂಡ್ಲಲ್ಲ, ಎಂಥಾಕಿನೋ!” ಎಂದು ಬಟ್ಟೆಯ ಕಡೆ ನಡೆದಳು. ಸಾವೆಂದು ಓಡಿ ಬಂದವರು ಲಗ್ನವೆಂದ ಕೂಡಲೇ ಬೆನ್ನು ತಿರುಗಿಸಿದರು.

ಅವಳು ಹೇಳಿದ್ದು ಕೇಳಿದ ಮೇಲೆಯೇ ನನಗೂ ಎಚ್ಚರವಾದದ್ದು. ಹೌದು, ಗಂಡ ಉಣ್ಣುವ ಮುಂಚೆ, ಬಟ್ಟಬಯಲಲ್ಲಿ, ನಿಂತುಕೊಂಡು ಉಂಡಿದ್ದೆ. ಎಲೆ ಎತ್ತಿಕೊಂಡು ಮರದಡಿಗೆ ಬಂದು ಇಟ್ಟು, ಇವರಿಗೆ ಬಡಿಸಲು ಸೌಟಿಗೆ ಕೈ ಹಾಕಿದೆ. ಇವರು ಸೌಟು ಕಿತ್ತುಕೊಂಡರು.

“ಕೂಡು,” ಎಂದರು. ಮುಖ ಕೆಂಪಾಗಿತ್ತು. “ನಾನಾ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಕೂಡು ನೀನು.”

ಕೂತೆ. ಅವರೂ ಎದುರಿಗೆ ಕೂತರು. ಮಾವಿನಹಣ್ಣಿನ ಹೋಳು, ಸ್ಟೋವಿನ ಮೇಲೆ ಮತ್ತೆ ಕಾಯಿಸಿದ ಬದನೆಕಾಯಿಯ ಸಾರು, ಕೋಸಂಬರಿ ಅಲ್ಲದ ಆ ಕೋಸಂಬರಿ, ಎಲ್ಲ ನನ್ನ ಕಡೆ ಬಡಿಸಿದರು. ಮೆಟ್ಟಿಲ ಮೇಲಿಂದ ಎಷ್ಟು ಕಣ್ಣು ನೋಡುತ್ತಿದ್ದವೋ, ನಾನು ತಲೆ ಎತ್ತಲಿಲ್ಲ. ಹಾಲು ಸೇರಿಸದೆ ತೆಗೆದಿಟ್ಟಿದ್ದ ಅನ್ನದ ಒಂದು ತುತ್ತನ್ನು ಸಾರಿನಲ್ಲಿ ಕಲಸಿ ಬಾಯಿಗಿಟ್ಟುಕೊಂಡೆ. ಇವರು ತಾವು ಉಣ್ಣದೆ, ಮುಂದಕ್ಕೆ ಬಾಗಿ, ಹೊಸದಾಗಿ ಅಡುಗೆ ಕಲಿತ ಸೊಸೆಯ ಹಾಗೆ ನನ್ನ ಮುಖ ನೋಡುತ್ತಿದ್ದರು.

“ಹೆಂಗೈತೆ?” ಎಂದರು.

ಆ ಮನೆಗೆ ಬಂದು ಎಂಟು ವರ್ಷ, ಎಷ್ಟು ಸಾವಿರ ಸಲ ಉಂಡಿದ್ದೆನೋ. ಊಟ ಹೇಗಿದೆ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳಿದರೆ ಏನು ಹೇಳಬೇಕು ಎಂಬುದೂ ಗೊತ್ತಿರಲಿಲ್ಲ. ಖಾರ ಹೆಚ್ಚಾಗಿತ್ತು, ಉಪ್ಪು ಕಡಿಮೆಯಾಗಿತ್ತು, ಬದನೆಕಾಯಿ ಇನ್ನೂ ಬೇಯಬೇಕಿತ್ತು.

“ಬಿಸಿ ಐತೆ,” ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಈ ಸಲ ಮೆಣಸಿನಕಾಯಿಯದ್ದಲ್ಲ.